ಬಿಚ್ಚೆಳೆ

ನಾನು ಮದುವೆಯಾಗಿ ಬಂದ ಊರಿನಲ್ಲಿ ಯುದ್ಧದ ಕಾರಣಗಳನ್ನು ನೇಯುತ್ತಾರೆ. ಒಂದೇ ಬೀದಿ, ಎದುರುಬದುರು ಎರಡು ಸಾಲು ಮನೆ, ಪ್ರತಿ ಮನೆಯ ನಡುಮನೆಯಲ್ಲಿ ಒಂದು ಮಗ್ಗ. ಬೀದಿ ಮುಗಿಯುವಲ್ಲಿ ಕೆರೆ. ಯಾವುದಾದರೂ ದೇಶಕ್ಕೆ ಇನ್ನೊಂದರ ಮೇಲೆ ಯುದ್ಧ ಹೂಡಬೇಕೆನಿಸಿದಾಗ ಅಲ್ಲಿಂದ ಜನ ಬರುತ್ತಾರೆ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು ತಮಗೆ ಎಂಥದು ಬೇಕೆಂದು ಹೇಳುತ್ತಾರೆ. ಸೇತುವೆಯದೋ, ಗಡಿಕಲ್ಲಿನದೋ, ರಾಯಭಾರಿಗೆ ಆದ ಅವಮಾನದ್ದೋ. ಮನೆಯ ಹೆಂಗಸರು ನೇಯ್ದು ಕೊಡುತ್ತಾರೆ. ಅಗಲ ಒಂದು ಮೊಳ, ಉದ್ದ ಬಂದವರ ಸಿಟ್ಟಿಗೆ ತಕ್ಕಷ್ಟು.

ನಾನು ಓದಿದ್ದು ದೂರದ ನಗರದ ವಿಶ್ವವಿದ್ಯಾಲಯದಲ್ಲಿ, ಚರಿತ್ರೆ. ಅಲ್ಲಿ ಪ್ರತಿ ಪರೀಕ್ಷೆಯಲ್ಲೂ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: ಮಹಾಯುದ್ಧದ ಕಾರಣಗಳನ್ನು ವಿವರಿಸಿ. ದೂರದ ಕಾರಣಗಳು, ಹತ್ತಿರದ ಕಾರಣಗಳು, ತಕ್ಷಣದ ಕಾರಣ ಎಂದು ವಿಂಗಡಿಸಿ ಬರೆದರೆ ಒಳ್ಳೆಯ ಅಂಕ. ನಾನೂ ಹಾಗೆಯೇ ಬರೆದು ಪಾಸಾದವಳು. ಈ ಊರಿಗೆ ಬಂದ ಹೊಸದರಲ್ಲಿ ಅದನ್ನು ಹೇಳಿದಾಗ ಅತ್ತೆ ಚೆನ್ನಾಜಮ್ಮ ನಕ್ಕರು. "ದೂರದ್ದು ಅಂದ್ರೆ ಯಾರ ಮನೇದು?" ಎಂದು ಕೇಳಿದರು. ಯಾವ ಯುದ್ಧದ ಮಾತು ಬಂದರೂ ಅದು ಇಂಥವರ ಮನೆಯದು ಎಂದು ಅವರಿಗೆ ಗೊತ್ತಿರುತ್ತಿತ್ತು. ಬೆಟ್ಟದಾಚೆಯದು ಮೂಲೆಮನೆಯವರದು, ಕೈ ಸ್ವಲ್ಪ ಒರಟು, ಆದರೂ ಬೇಗ ಸವೆಯಿತು, ಹೀಗೆ.

ಮಗ್ಗದ ಮೇಲೆ ಕಾರಣ ಏರಿದ್ದಾಗ ಮನೆಯಲ್ಲಿ ನಡೆದುಕೊಳ್ಳುವ ರೀತಿಯೇ ಬೇರೆ. ನೇಯ್ದು ಎದ್ದವರು ಬಾಯಿ ಮುಕ್ಕಳಿಸದೆ ಯಾರೊಂದಿಗೂ ಮಾತಾಡುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಹೇಳುವುದಿಲ್ಲ, ಎದ್ದು ಹೋಗಿ ತಾವೇ ಹಾಕಿಕೊಳ್ಳುತ್ತಾರೆ. ನೆಂಟರು ಬಂದರೆ ನಡುಮನೆ ದಾಟಿಸಿ ಹಿತ್ತಲಲ್ಲಿ ಕೂರಿಸುತ್ತಾರೆ. ನೇಯ್ದದ್ದನ್ನು ಬಿಸಿಲಿಗೆ ಹಾಕಿದಾಗ ಅದರ ಮೇಲೆ ಎರಡು ಕಾಗೆ ಕೂತರೆ ಒಂದು ಮಾತ್ರ ಹಾರಿಹೋಗುತ್ತದೆ. ಮಕ್ಕಳು ಚೂರುಬಟ್ಟೆ ಕದ್ದು ಮೇಷ್ಟರ ಕುರ್ಚಿಯ ಕೆಳಗೆ ಇಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮೇಷ್ಟರು ಹೆಡ್‌ಮೇಷ್ಟರ ಜೊತೆ ಕಿತ್ತಾಡಿ ಮನೆಗೆ ಹೋಗುತ್ತಾರೆ, ಶಾಲೆಗೆ ರಜೆ.

ಊರಿನವರಿಗೆ ತಮ್ಮ ಕಸುಬಿನ ಬಗ್ಗೆ ನಾಚಿಕೆಯಿಲ್ಲ. ನಾವು ನೇಯದಿದ್ದರೆ ಯುದ್ಧ ಬೇಕಾದವರು ತಾವೇ ನೇಯ್ದುಕೊಳ್ಳುತ್ತಾರೆ, ಆದರೆ ಅದರಲ್ಲಿ ಬಿಚ್ಚೆಳೆ ಇರುವುದಿಲ್ಲ ಎನ್ನುತ್ತಾರೆ. ಬಿಚ್ಚೆಳೆ ಎಂದರೆ ಬಟ್ಟೆಯಲ್ಲಿ ಸೇರಿಯೂ ಸೇರದಂತೆ ಬಿಟ್ಟ ಒಂದು ಎಳೆ. ಅದನ್ನು ಎಳೆದರೆ ಬಟ್ಟೆಯೆಲ್ಲ ಬಿಚ್ಚಿ ದಾರವಾಗುತ್ತದೆ, ಯುದ್ಧ ನಿಲ್ಲುತ್ತದೆ. ಅದಕ್ಕಾಗಿಯೇ ಕಾರಣದ ಜೊತೆ ಆ ಮನೆಯ ಗಂಡಸೊಬ್ಬ ಹೋಗುತ್ತಾನೆ. ಬಿಚ್ಚೆಳೆಯ ತುದಿ ಅವನ ಕೈಯಲ್ಲಿರಬೇಕು. ಬೇರೆ ಮನೆಯವರು ಅದನ್ನು ಮುಟ್ಟುವಂತಿಲ್ಲ. ಎರಡೂ ಕಡೆಯವರು ದಣಿದ ದಿನ ಅವನು ಎಳೆಯುತ್ತಾನೆ, ದಾರದ ಗಂಟು ಹೊತ್ತು ಊರಿಗೆ ಬರುತ್ತಾನೆ. ಮನೆಯವರು ಅದನ್ನು ಕೆರೆಯಲ್ಲಿ ತೊಳೆದು ಮತ್ತೆ ಮಗ್ಗಕ್ಕೆ ಏರಿಸುತ್ತಾರೆ. ಹೋದವನು ಅಲ್ಲೇ ಸತ್ತರೆ ಮುಂದಿನ ಅಮಾವಾಸ್ಯೆಗೆ ಅದೇ ಮನೆಯ ಇನ್ನೊಬ್ಬ ಹೊರಡಬೇಕು. ತಮ್ಮ ಗಂಡಂದಿರು, ತಮ್ಮ ಮಕ್ಕಳು ಹೋಗುವುದರಿಂದ ಹೆಂಗಸರು ಕಾರಣಗಳನ್ನು ಆದಷ್ಟು ತೆಳ್ಳಗೆ ನೇಯುತ್ತಾರೆ.

ನನ್ನ ಗಂಡ ಭೂಷಣ ನನಗೆ ಸಿಕ್ಕಿದ್ದೂ ಹಾಗೆಯೇ. ನಮ್ಮ ನಗರದ ಹತ್ತಿರ ಒಂದು ಸಣ್ಣ ಯುದ್ಧ ಮುಗಿದಿತ್ತು. ಹೆಗಲ ಮೇಲೆ ದಾರದ ಗಂಟು ಹೊತ್ತ ಒಬ್ಬ ಗ್ರಂಥಾಲಯದ ಮೆಟ್ಟಿಲ ಬಳಿ ನಿಂತು, ಇಲ್ಲಿ ಎಲ್ಲಾದರೂ ಅನ್ನ ಸಾರು ಸಿಗುತ್ತದೆಯೇ ಎಂದು ಕೇಳಿದ. ನಾನೂ ಊಟಕ್ಕೇ ಹೊರಟಿದ್ದೆ.

ಮದುವೆಯ ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದಾಗ ಬೀದಿಯ ಹೆಂಗಸರು ಕೂಗಿಕೊಳ್ಳುತ್ತಿದ್ದರು. "ನಮ್ದು ಎಡಕ್ಕೆ ಕಣ್ರಮ್ಮಾ." "ಹಂಗಾದ್ರೆ ನಮ್ದು ಬಲಕ್ಕೆ." ರಂಗೋಲಿಯ ಮಾತೆಂದುಕೊಂಡೆ. ಅದು ಬಿಚ್ಚೆಳೆಯ ಮಾತು. ಎಡಗಡೆಯಿಂದ ಬಿಟ್ಟರೆ ಬಟ್ಟೆ ಒಂದು ರೀತಿ ಬಿಚ್ಚುತ್ತದೆ, ಬಲಗಡೆಯಿಂದ ಬಿಟ್ಟರೆ ಇನ್ನೊಂದು ರೀತಿ. ಒಂದೇ ಕಾಲದಲ್ಲಿ ಹೊರಡುವ ಎರಡು ಕಾರಣಗಳ ಬಿಚ್ಚೆಳೆ ಒಂದೇ ಕಡೆಗಿರಬಾರದು. ಅವು ಎಲ್ಲಾದರೂ ಒಂದಕ್ಕೊಂದು ತಾಗಿದರೆ ಸಿಕ್ಕುಬೀಳುತ್ತವೆ. ಅದಕ್ಕೆ ದಿನಾ ಬೆಳಿಗ್ಗೆ ಕೂಗಿ ಹೇಳುವುದು. ಅದನ್ನು ಯಾರೂ ಯಾರಿಗೂ ಕಲಿಸಿದ್ದಿಲ್ಲ, ತಪ್ಪಿಸಿದ್ದೂ ಇಲ್ಲ.

ಮೊದಲ ಸಲ ತಪ್ಪಿಸಿದವರು ನಮ್ಮತ್ತೆ ಮತ್ತು ಎದುರುಮನೆಯ ಹೊಂಬಾಳಮ್ಮ. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು, ಒಂದೇ ಬಟ್ಟಲಲ್ಲಿ ಕುಂಕುಮ ಇಟ್ಟುಕೊಂಡವರು. ಒಂದು ಸಂಜೆ ಹೊಂಬಾಳಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ ಎಂದರು ಅತ್ತೆ. ನಾನು ಬರುವುದನ್ನು ಕಂಡೇ ದೀಪ ಹಚ್ಚಿದಳು ಎಂದರು ಹೊಂಬಾಳಮ್ಮ. ಅಲ್ಲಿಗೆ ಮಾತು ನಿಂತಿತು. ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ಬಾಗಿಲಿಗೆ ನೀರು ಹಾಕುವರು, ಒಬ್ಬರು ಕೆರೆಯ ಕಡೆ ನೋಡಿಕೊಂಡು, ಇನ್ನೊಬ್ಬರು ಆಕಾಶ ನೋಡಿಕೊಂಡು. ಕೂಗುವುದು ನಿಂತುಹೋಯಿತು.

ಆ ಬೇಸಗೆಯಲ್ಲಿ ನಮ್ಮ ಮನೆಗೆ ನದಿಯ ಕಡೆಯ ದೇಶದವರು ಬಂದರು. ಸೇತುವೆಯದೊಂದು ಕಾರಣ ಬೇಕಿತ್ತು. ಹೊಂಬಾಳಮ್ಮನ ಮನೆಗೆ ಬೆಟ್ಟದ ಕಡೆಯವರು ಬಂದರು. ಅವರದು ಅವಮಾನದ್ದು. ಎರಡೂ ಸಣ್ಣವು, ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ಮುಗಿಯುವಂಥವು. ನಮ್ಮ ಬಟ್ಟೆಯ ಜೊತೆ ಭೂಷಣ ಹೊರಟರು, ಅವರದರ ಜೊತೆ ಹೊಂಬಾಳಮ್ಮನ ಒಬ್ಬನೇ ಮಗ ಪರಮೇಶಿ. ತಾಯಂದಿರಿಗೆ ಮಾತಿಲ್ಲದಿದ್ದರೂ ಮಕ್ಕಳಿಗಿತ್ತು. ಊರ ಬಾಗಿಲವರೆಗೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡೇ ಹೋದರು.

ಆಮೇಲೆ ನಡೆದದ್ದನ್ನು ಪರೀಕ್ಷೆಯಲ್ಲಾದರೆ ನಾನು ಪುಟಗಟ್ಟಲೆ ಬರೆಯುತ್ತಿದ್ದೆ. ನದಿಯವರ ಶತ್ರುವಿಗೆ ಗೆಳೆಯರಿದ್ದರು, ಅವರು ಬಂದರು. ಬೆಟ್ಟದವರ ಶತ್ರುವಿಗೂ ಇದ್ದರು, ಅವರೂ ಬಂದರು. ಗೆಳೆಯರಿಗೆ ಕೊಟ್ಟ ಮಾತಿಗೆ ಗೆಳೆಯರ ಗೆಳೆಯರು ಬಂದರು. ಎರಡು ಯುದ್ಧಗಳು ಬೆಳೆದು ಒಂದು ಬಯಲಿನಲ್ಲಿ ಒಂದಕ್ಕೊಂದು ತಾಗಿದವು. ಅಲ್ಲಿಂದ ಮುಂದೆ ಅದು ಒಂದೇ ಯುದ್ಧ. ಸುಗ್ಗಿ ಬಂತು, ಹೋಯಿತು. ನಮ್ಮ ಸಂತೆಗೆ ಉಪ್ಪು ಬರುವುದು ನಿಂತಿತು. ಹೆಸರೇ ಕೇಳದ ದೇಶಗಳ ಜನ ಹೆಸರೇ ಕೇಳದ ಊರುಗಳಲ್ಲಿ ಸಾಯುತ್ತಿದ್ದಾರೆಂದು ದಾರಿಹೋಕರು ಹೇಳುತ್ತಿದ್ದರು.

ಭೂಷಣ ಸತ್ತ ಸುದ್ದಿ ತಂದವನು ಬಳೆಗಾರ ಈರಣ್ಣ. ಸೈನ್ಯಗಳ ನಡುವೆಯೂ ಓಡಾಡಬಲ್ಲವನು ಅವನೊಬ್ಬನೇ. ಎಲ್ಲ ಕಡೆಯ ಸಿಪಾಯಿಗಳಿಗೂ ಮನೆಯಲ್ಲಿ ಹೆಂಡಿರು ಮಕ್ಕಳಿದ್ದಾರೆ. ಅವನು ಬಳೆಯ ಮಲಾರ ಇಳಿಸದೆ ನಿಂತುಕೊಂಡೇ ಹೇಳಿದ. ಎರಡೂ ಕಡೆಯವರು ದಣಿದಿದ್ದಾರೆಂದು ತಿಳಿದು ಭೂಷಣ ಬಯಲಿನ ನಡುವೆ ನಿಂತು ಎಳೆಯುತ್ತಿದ್ದರಂತೆ. ಎಳೆ ಬರಲಿಲ್ಲ. ಯಾರದೋ ಗುಂಡು ತಗುಲಿತು. ಯಾರದೆಂದು ಗೊತ್ತಿಲ್ಲ.

ನಾನು ಅಳಲಿಲ್ಲ. ಅಳು ಬರುತ್ತದೆಂದು ಎಲ್ಲರೂ ಕಾದರು, ನಾನೂ ಕಾದೆ. ಬೆಳಿಗ್ಗೆ ಏಳುತ್ತಿದ್ದೆ, ಕೊಡ ತುಂಬುತ್ತಿದ್ದೆ, ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುತ್ತಿದ್ದೆ. ಕೈಯನ್ನು ಒಲೆಯ ಹತ್ತಿರ ಹಿಡಿದರೆ ಬಿಸಿ ತಿಳಿಯುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಏನೂ ತಿಳಿಯುತ್ತಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಮೈದುನ ರುದ್ರ ಹೊರಡಬೇಕಾಗಿತ್ತು. ಮನೆಯಲ್ಲಿ ಉಳಿದ ಗಂಡಸು ಅವನೊಬ್ಬನೇ. ಮೀಸೆಯನ್ನು ಇನ್ನೂ ದಿನಕ್ಕೊಂದು ರೀತಿ ಕತ್ತರಿಸಿ ನೋಡಿಕೊಳ್ಳುತ್ತಿದ್ದ. ಅವನ ಬಟ್ಟೆಗಳನ್ನು ನಾನೇ ಮಡಿಸಿಟ್ಟೆ.

"ಅತ್ತಿಗೆ, ಆ ನೀಲಿ ಅಂಗಿ ಬೇಡ," ಎಂದ. "ಅದರಲ್ಲಿ ನಾನು ಕರ್ರಗೆ ಕಾಣ್ತೀನಿ."

"ಅಲ್ಲಿ ಯಾರು ನೋಡ್ತಾರೆ?"

"ಗುಂಡು ಹೊಡೆಯೋನು ನೋಡೇ ಹೊಡೀತಾನಲ್ಲ."

ನಾನು ನೀಲಿ ಅಂಗಿಯನ್ನು ಹೊರಗೆ ತೆಗೆದೆ. ಅವನು ನಗುತ್ತಿದ್ದವನು ನಿಲ್ಲಿಸಿ, ಅಣ್ಣ ಎಳೆದಾಗ ಎಳೆ ಯಾಕೆ ಬರಲಿಲ್ಲ ಎಂದು ಕೇಳಿದ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಮಗ್ಗದ ಮುಂದೆ ಸುಮ್ಮನೆ ಕೂತಿದ್ದ ಅತ್ತೆ ಎದ್ದು ಹಿತ್ತಲಿಗೆ ಹೋದರು.

ಈರಣ್ಣ ಇನ್ನೂ ಊರಲ್ಲೇ ಇದ್ದ. ನಾನು ಹೋಗಿ ಅವನನ್ನೇ ಕೇಳಿದೆ. ಅವನು ಎರಡೂ ಕೈಯ ಬೆರಳುಗಳನ್ನು ಒಂದಕ್ಕೊಂದು ಹೆಣೆದು ತೋರಿಸಿದ. "ಹಿಂಗಾಗಿದೆ ತಾಯಿ. ನಿಮ್ಮ ಬಟ್ಟೆ, ಹೊಂಬಾಳಮ್ಮನೋರ ಬಟ್ಟೆ. ನಿಮ್ಮೋರು ಎಳೆದ್ರೆ ಅವರದು ಬಿಗಿಯಾಗ್ತದೆ. ಪರಮೇಶಿ ಎಳೆದ್ರೆ ನಿಮ್ಮದು. ಒಂದೊಂದು ಸಲ ಎಳೆದಾಗ್ಲೂ ಇನ್ನೊಂದು ದೇಶ ಬಂದು ಸೇರ್ಕೊತು. ನಿಲ್ಸೋಕೆ ಹೋಗಿ ಹೋಗೇ ಬೆಳೀತು ಅದು."

"ಈಗ ನಮ್ಮ ಎಳೆಯ ತುದಿ ಎಲ್ಲಿದೆ?"

"ನೆಲದ ಮೇಲೆ. ಪರಮೇಶಿ ಅದರ ಮೇಲೊಂದು ಕಲ್ಲಿಟ್ಟು ಪಕ್ಕದಲ್ಲೇ ಕೂತಿದಾನೆ. ಬೇರೆ ಮನೇದಲ್ವಾ, ಮುಟ್ಟಿಲ್ಲ. ನಿಮ್ಮ ರುದ್ರಪ್ಪನ್ನ ಕಾಯ್ತಿದಾನೆ."

ರುದ್ರ ಹೋದರೆ ಏನಾಗುತ್ತದೆ ಎಂಬುದು ನನಗೆ ಅಲ್ಲೇ ಸ್ಪಷ್ಟವಾಯಿತು. ಅವನೂ ಅದೇ ಬಯಲಿನಲ್ಲಿ ನಿಂತು ಅದೇ ಎಳೆಯನ್ನು ಎಳೆಯುತ್ತಾನೆ. ನಾನು ನೆಟ್ಟಗೆ ಬೀದಿ ದಾಟಿ ಹೊಂಬಾಳಮ್ಮನ ಮನೆಯ ಮೆಟ್ಟಿಲು ಹತ್ತಿದೆ. ಅವರು ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.

"ಯಾರದು?"

"ನಾನು, ಎದುರುಮನೆ ಕುಮುದಾ."

"ಎದುರಿಗೆ ಮನೆ ಇದೆಯಾ? ನನ್ನ ಕಣ್ಣಿಗೆ ಬರೀ ಗೋಡೆ ಕಾಣುತ್ತೆ."

ನಾನು ಕೂತುಕೊಂಡೆ. ಈರಣ್ಣ ಹೇಳಿದ್ದನ್ನು ಹೇಳಿದೆ. ಅವರ ಬೆರಳು ಹುರುಳಿಯಲ್ಲಿ ಓಡಾಡುತ್ತಲೇ ಇತ್ತು, ಆದರೆ ಕಲ್ಲನ್ನೂ ಕಾಳನ್ನೂ ಒಂದೇ ಕಡೆ ಹಾಕುತ್ತಿದ್ದರು.

"ಇಬ್ಬರು ಎರಡು ಕಡೆ ನಿಂತು ಎಳೆದ್ರೆ ಒಬ್ಬನ ಕೈ ಇನ್ನೊಬ್ಬನಿಗೆ ಗೊತ್ತಾಗಲ್ಲ," ಎಂದೆ. "ಒಂದೇ ಮೈಯ ಎರಡು ಕೈಯಾದ್ರೆ ಗೊತ್ತಾಗುತ್ತೆ. ನಮ್ಮ ಎಳೇನೂ ಪರಮೇಶಿನೇ ಹಿಡಿದು ಬಿಡಿಸಲಿ. ನೀವೂ ಅತ್ತೇನೂ ಎಳೆ ಹೇಗೆ ಬಿಟ್ಟಿದ್ರಿ ಅಂತ ಹೇಳಿದ್ರೆ ಈರಣ್ಣ ಅದನ್ನ ಮುಟ್ಟಿಸ್ತಾನೆ. ರುದ್ರ ಹೋಗೋದು ಬೇಡ."

"ಅಂದ್ರೆ ನಿಮ್ಮ ಹುಡುಗ ಇಲ್ಲಿ ಮುದ್ದೆ ತಿಂದ್ಕೊಂಡಿರಲಿ, ನನ್ನ ಹುಡುಗ ಅಲ್ಲಿ ಎರಡು ಕೈಯಲ್ಲಿ ಎರಡು ಯುದ್ಧ ಹಿಡ್ಕೊಂಡಿರಲಿ."

"ಹೌದು."

"ಕೇಳೋಕೆ ನಾಚಿಕೆ ಆಗಲ್ವೇನೇ?"

"ಆಗ್ತಿಲ್ಲ. ನನಗೆ ಈಗ ಏನೂ ಆಗ್ತಿಲ್ಲ."

ಅವರು ಮೊರ ಕೆಳಗಿಟ್ಟು ನನ್ನ ಮುಖ ನೋಡಿದರು. ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟರು. ನಾನು ಕುಡಿದು ಮುಗಿಸುವವರೆಗೆ ನಿಂತಿದ್ದರು.

"ಓದಿದೋಳು, ನಿನ್ನ ಲೆಕ್ಕಾಚಾರ ಸರಿಯಾಗೇ ಇದೆ," ಎಂದರು. "ರುದ್ರ ಹೋದ್ರೂ ನನ್ನ ಮಗ ಬರಲ್ಲ. ಅದು ನನಗೂ ತಿಳೀತು. ಆದ್ರೆ ಎಳೆ ಕೊಡೋಳು ನೀನಲ್ಲ. ಕೊಡೋಳು ಬಂದು ಕೇಳಲಿ. ಬೀದಿ ದಾಟಿ ಬರಲಿ."

ಮನೆಗೆ ಬಂದು ಹೇಳಿದೆ. ಇನ್ನೊಂದು ಮನೆಯವರ ಕೈಗೆ ಬಿಚ್ಚೆಳೆ ಕೊಡುವುದೆಂದರೆ ಆ ಊರಿನಲ್ಲಿ ಸಣ್ಣ ಮಾತಲ್ಲ. ಹಾಗೆ ಕೊಟ್ಟವರು ಮುಂದೆ ತಮ್ಮದೇ ಮಗ್ಗ ಎಂದು ಹೇಳಿಕೊಳ್ಳುವಂತಿಲ್ಲ; ಎರಡು ಮನೆ ಸೇರಿ ಒಂದು ಮನೆ, ಎರಡು ಮಗ್ಗ ಸೇರಿ ಒಂದು ಮಗ್ಗ. ಯಾರೂ ಕೊಟ್ಟ ನೆನಪಿಲ್ಲ.

"ಅವಳು ಬರಲಿ," ಎಂದರು ಅತ್ತೆ ಕೊನೆಗೆ.

"ಅವರು ನೀವು ಬನ್ನಿ ಅಂತಾರೆ."

"ದೀಪ ಹಚ್ಚಿದ ಮೇಲೆ ಬಂದೋಳು ಅವಳು. ನಾನಲ್ಲ."

ರುದ್ರ ಬಾಗಿಲಲ್ಲಿ ಒರಗಿ ನಿಂತು ಕೇಳುತ್ತಿದ್ದ. "ಅಮ್ಮಾ, ಯುದ್ಧದ ಬಯಲು ಇಲ್ಲಿಂದ ಎಷ್ಟು ದೂರ ಆಗುತ್ತೆ?"

"ಯಾಕೋ?"

"ಎದುರುಮನೆಗಿಂತ ಅದೇ ಹತ್ತಿರ ಅಂತ ಕಾಣುತ್ತೆ. ನಾನೇ ಹೋಗಿಬರ್ತೀನಿ ಬಿಡು."

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು. ಮೂಲೆಯಲ್ಲಿದ್ದ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಬರಿಗಾಲಲ್ಲಿ ದಾಟುವ ಬೀದಿಗೆ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ಹಿಂದೆ ಹೋದೆ.

ಹೊಂಬಾಳಮ್ಮ ಚಾಪೆ ಹಾಸಿದ್ದರು. ಆದರೆ ಕೂರು ಎನ್ನಲಿಲ್ಲ, ಅತ್ತೆಯೂ ಕೇಳದೆ ಕೂತರು.

"ಹೆಪ್ಪು ಕೇಳಿದ್ದು ಯಾವ ಹೊತ್ತ್ನಲ್ಲಿ, ಅದನ್ನ ಮೊದಲು ಹೇಳು," ಎಂದರು ಅತ್ತೆ.

"ನಾನು ಬೀದಿ ದಾಟುವಾಗ ನಿನ್ನ ಮನೇಲಿ ಕತ್ತಲಿತ್ತು. ಮೆಟ್ಟಿಲು ಹತ್ತೋ ಹೊತ್ತಿಗೆ ದೀಪ ಬಂತು. ಅದನ್ನ ಮೊದಲು ಹೇಳು."

"ಎಣ್ಣೆ ಹಾಕಿಟ್ಟಿದ್ದೆ ಆಗಲೇ."

"ಎಣ್ಣೆ ಹಾಕಿದ್ರೆ ದೀಪ ಹಚ್ಚಿದ ಹಂಗಾಯ್ತಾ?"

ನಾನು ಅವರನ್ನು ತಡೆದೆ. ದನಿ ಎತ್ತಲಿಲ್ಲ. ಬಿಚ್ಚೆಳೆ ಯಾವ ಕಡೆಗಿತ್ತು ಎಂದು ಮಾತ್ರ ಕೇಳಿದೆ. ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಒಟ್ಟಿಗೆ ಮುಚ್ಚಿದರು. ಆಮೇಲೆ ಅತ್ತೆ ಶುರು ಮಾಡಿದರು.

"ಮೊದಲು ಬಲಕ್ಕೆ ಇಟ್ಟಿದ್ದೆ. ಒಂದಿನ ಇವಳ ಮಗ್ಗದ ಸದ್ದು ಕೇಳ್ತು. ಇವಳದೂ ಬಲಕ್ಕೇ ಅನ್ನಿಸ್ತು. ಎರಡೂ ಒಂದೇ ಕಡೆ ಆಗಬಾರದಲ್ಲ, ಅದಕ್ಕೆ ನಾನೇ ಎಡಕ್ಕೆ ತಿರುಗಿಸ್ದೆ."

ಹೊಂಬಾಳಮ್ಮ ಅವರ ಮುಖ ನೋಡಿದರು. "ಯಾವತ್ತು?"

"ಊರಬಾವಿ ಹೂಳೆತ್ತಿದ ದಿನ."

"ಅವತ್ತೇ ನಾನೂ ನಿನ್ನ ಸದ್ದು ಕೇಳಿ ಎಡಕ್ಕೆ ತಿರುಗಿಸ್ದೆ."

"ಮಾರನೇ ದಿನ ಕೇಳಿದ್ರೆ ನಿನ್ನದೂ ಎಡಕ್ಕೆ ಕೇಳ್ತು. ಸರಿ, ನಾನು ಬಲಕ್ಕೆ ಬಂದೆ."

"ನಾನೂ ಬಲಕ್ಕೆ ಬಂದೆ."

"ಆಮೇಲೆ ಎಡಕ್ಕೆ."

"ನಾನೂ."

ಇಕ್ಕಟ್ಟಾದ ಓಣಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಒಂದೇ ಕಡೆ ಸರಿಯುತ್ತಾರಲ್ಲ, ಹಾಗೆ ಆ ಬೇಸಗೆಯುದ್ದಕ್ಕೂ ನಡೆದಿತ್ತು. ಒಬ್ಬರು ಬೀದಿಯ ಈ ಕಡೆ ಗೋಡೆಗೆ ಕಿವಿಯಿಟ್ಟು, ಇನ್ನೊಬ್ಬರು ಆ ಕಡೆ. ಇಬ್ಬರಿಗೂ ಅಪಾಯ ಗೊತ್ತಿತ್ತು. ಇಬ್ಬರೂ ತಪ್ಪಿಸಲು ನೋಡಿದ್ದರು. ಕೇಳಬಹುದಾಗಿದ್ದ ಒಂದು ಮಾತನ್ನು ಮಾತ್ರ ಇಬ್ಬರೂ ಕೇಳಿರಲಿಲ್ಲ.

"ಕೊನೆಗೆ?" ಎಂದೆ.

"ಕೊನೆಗೆ ಬಟ್ಟೆ ಒಯ್ಯೋಕೆ ಅವರ ಜನ ಬಂದ್ರು," ಎಂದರು ಹೊಂಬಾಳಮ್ಮ. "ಯಾವ ಕಡೆ ಇತ್ತೋ ಆ ಕಡೆ ಬಿಟ್ಟೆ."

ಅವರಿಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ಅದನ್ನು ಕಂಡು ಅತ್ತೆಗೂ ಬಂತು. ಇಬ್ಬರು ಮುದುಕಿಯರು ಚಾಪೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಡುವೆ ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. ನಗು ಅಲ್ಲಿಗೇ ನಿಂತಿತು. ನನಗೆ ಸಿಟ್ಟು ಬರಲಿಲ್ಲ. ಇಲ್ಲಿ ಸಿಟ್ಟು ಬರಬೇಕು ಎಂದು ತಿಳಿಯುತ್ತಿತ್ತು, ಅಷ್ಟೆ.

ಎಳೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿದಷ್ಟು ಸಲವೂ ಅದು ಬಟ್ಟೆಯೊಳಗೆ ಒಂದೊಂದು ತಿರುವು ತೆಗೆದುಕೊಂಡಿತ್ತು. ಆ ತಿರುವುಗಳ ಕ್ರಮದಲ್ಲೇ, ಒಮ್ಮೆ ಇದನ್ನು ಸಡಿಲಿಸಿ ಒಮ್ಮೆ ಅದನ್ನು ಎಳೆದು, ಬಿಡಿಸಬೇಕು. ಇಬ್ಬರೂ ಕೂತು ಯಾವುದು ಮೊದಲು ಯಾವುದು ಆಮೇಲೆ ಎಂದು ನೆನಪು ಮಾಡಿಕೊಂಡರು. ಈರಣ್ಣನಿಗೆ ಅಷ್ಟುದ್ದ ನೆನಪಿಟ್ಟುಕೊಳ್ಳುವುದು ಆಗದ ಮಾತು. ಅವನು ಮಲಾರ ಬಿಚ್ಚಿ ಒಂದು ಹಗ್ಗ ಕೊಟ್ಟ. ನಮ್ಮ ಎಳೆಗೆ ಹಸಿರು ಬಳೆ, ಹೊಂಬಾಳಮ್ಮನ ಎಳೆಗೆ ಕೆಂಪು. ಹಗ್ಗ ಹಿಡಿದು ಒಂದೊಂದಾಗಿ ತೆಗೆದರೆ ಪರಮೇಶಿಗೆ ತಿಳಿಯುತ್ತದೆ.

ಪೋಣಿಸಲು ಅವರಿಬ್ಬರಿಗೂ ಕಣ್ಣು ಕಾಣುವುದಿಲ್ಲ. ನಾನೇ ಪೋಣಿಸಿದೆ. ನನ್ನ ಕೈಯಿಂದ ಬಳೆ ತೆಗೆದ ಮೇಲೆ ಬಳೆ ಮುಟ್ಟಿದ್ದು ಅದೇ ಮೊದಲು. ಅತ್ತೆ "ಹಸಿರು" ಎನ್ನುವರು, ಹೊಂಬಾಳಮ್ಮ "ಕೆಂಪು" ಎನ್ನುವರು, ನಾನು ತೆಗೆದು ಪೋಣಿಸುವೆ. ಒಂದು ಹಸಿರು ಬಳೆ ಒಡೆಯಿತು. ಈರಣ್ಣ ಇನ್ನೊಂದು ಕೊಡುತ್ತ, "ಪರವಾಗಿಲ್ಲ ತಾಯಿ, ಒಡೀಲಿ ಅಂತಲೇ ಮಾಡಿರೋದು," ಎಂದ. ಹೇಳಿದ ಮೇಲೆ ತಾನು ಯಾರಿಗೆ ಹೇಳಿದೆನೆಂದು ನೆನಪಾಗಿ ತಲೆ ಕೆಳಗೆ ಹಾಕಿದ.

ಎದ್ದು ಬರುವಾಗ ಅತ್ತೆ ಹೊಸ್ತಿಲಲ್ಲಿ ನಿಂತರು. "ಹೊಂಬಾಳಿ, ನಮ್ಮ ಎಳೆ ನಿನ್ನ ಮಗನ ಕೈಗೆ ಕೊಟ್ಟಿದೀನಿ," ಎಂದರು.

"ಇಸ್ಕೊಂಡಿದೀನಿ," ಎಂದರು ಅವರು.

ಅಮಾವಾಸ್ಯೆಯ ಬೆಳಿಗ್ಗೆ ಊರ ಯಜಮಾನ ಸಣ್ಣೇಗೌಡರು ನಾಲ್ಕು ಜನರ ಜೊತೆ ನಮ್ಮ ಜಗಲಿಗೆ ಬಂದರು. ರುದ್ರ ಸ್ನಾನ ಮಾಡಿ ಗಂಟು ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ಹಗ್ಗ ಒಯ್ದ ಈರಣ್ಣನಿಂದ ಇನ್ನೂ ಏನೂ ತಿಳಿದಿರಲಿಲ್ಲ.

"ಹೊರಡಪ್ಪ," ಎಂದರು ಗೌಡರು, ಅವನ ಮುಖ ನೋಡದೆ.

"ಅವನು ಹೋಗಲ್ಲ," ಎಂದರು ಅತ್ತೆ. "ನಮ್ಮ ಎಳೆ ಹಿಡಿಯೋಕೆ ಅಲ್ಲಿ ಒಬ್ಬ ಇದಾನೆ."

"ಯಾರು? ನಿಮ್ಮ ಮನೇಲಿ ಇರೋನು ಇವನೊಬ್ನೇ."

"ಪರಮೇಶಿ."

"ಅವನು ಎದುರುಮನೆಯೋನಲ್ವಾ ಚೆನ್ನಾಜಮ್ಮ?"

ಬೀದಿಯ ಆ ಕಡೆಯಿಂದ ಹೊಂಬಾಳಮ್ಮನ ದನಿ ಕೇಳಿತು. ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಎದುರುಮನೆ ಯಾವುದು ಗೌಡ್ರೇ? ಇದೂ ಅದೂ ಒಂದೇ ಮನೆ. ನಡುವೆ ಬೀದಿ ಹೋಗಿದೆ ಅಷ್ಟೆ."

ಗೌಡರು ಹಿಂದೆ ತಿರುಗಿ ಅವರನ್ನು ನೋಡಿದರು, ಮುಂದೆ ತಿರುಗಿ ಇವರನ್ನು ನೋಡಿದರು. ಜೊತೆಗೆ ಬಂದಿದ್ದವರಲ್ಲಿ ಒಬ್ಬ, ಹೀಗೆಲ್ಲ ಹಿಂದೆ ನಡೆದಿಲ್ಲ ಎಂದ. ನಡೆದಿಲ್ಲ ನಿಜ ಎಂದರು ಗೌಡರು. ಸ್ವಲ್ಪ ಹೊತ್ತು ಕೂತು, ಮಜ್ಜಿಗೆ ಕುಡಿದು, ಎದ್ದುಹೋದರು. ರುದ್ರ ಗಂಟಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ. ಬಿಡಿಸಲು ನಾನು ಅವನ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು. ಅಷ್ಟು ದಿನ ಅವನ ನಗುವಿನ ಹಿಂದೆ ಏನಿತ್ತೆಂಬುದು ನನಗೆ ಆಗ ಗೊತ್ತಾಯಿತು. ನಾನು ಗಂಟನ್ನು ಒಳಗೆ ಒಯ್ದು ಬಿಚ್ಚಿ, ಬಟ್ಟೆಗಳನ್ನು ಗೂಟಕ್ಕೆ ಹಾಕಿದೆ.

ಪರಮೇಶಿ ಬಂದದ್ದು ಮಾಗಿಯ ಚಳಿ ಶುರುವಾದ ಮೇಲೆ, ಒಂದು ಮಧ್ಯಾಹ್ನ. ಎರಡು ಹೆಗಲಿನ ಮೇಲೆ ಎರಡು ದಾರದ ಗಂಟು. ಬೀದಿಯ ಜನರೆಲ್ಲ ಹೊರಗೆ ಬಂದು ನಿಂತರು. ಹೊಂಬಾಳಮ್ಮ ಮಗನ ಕೆನ್ನೆ ಸವರಿ, ಗಡ್ಡ ಬೋಳಿಸಿಕೊಳ್ಳಬಾರದಾ ಎಂದರು. ಅವನು ಒಂದು ಗಂಟನ್ನು ಅತ್ತೆಯ ಕಾಲ ಬಳಿ ಇಳಿಸಿ, ನನ್ನ ಕಡೆ ನೋಡಿದ.

"ಬಿಚ್ಚಿತಾ?" ಎಂದರು ಗೌಡರು.

"ಬಿಚ್ಚಿತು. ಎರಡೂ ಪೂರ್ತಿ ಬಿಚ್ಚಿದೆ. ಕೊನೇ ಬಳೆ ತೆಗೆಯೋ ಹೊತ್ತಿಗೆ ಒಂದೆಳೆನೂ ಉಳಿದಿರಲಿಲ್ಲ."

"ಹಂಗಾದ್ರೆ ನಿಂತಿತು."

"ಇಲ್ಲ."

ಅವನು ಜಗಲಿಯ ಅಂಚಿನ ಮೇಲೆ ಕೂತ. "ಹೊಡೆದಾಟ ಹಂಗೇ ನಡೀತಿದೆ. ನಾನು ಬಯಲಲ್ಲಿ ಬರೀ ದಾರ ಹಿಡ್ಕೊಂಡು ನಿಂತಿದ್ದೆ. ನದಿ ಕಡೆಯೋರನ್ನ ಕೇಳ್ದೆ, ಸೇತುವೆ ವಿಷಯ ಮುಗೀತಲ್ಲ, ಇನ್ನೂ ಯಾತಕ್ಕೆ ಅಂತ. ಸೇತುವೆ ಅಂದ್ರೆ ಯಾವ ಸೇತುವೆ ಅಂದ್ರು. 'ನಮ್ಮೋರು ಇಷ್ಟು ಜನ ಸತ್ತಿದಾರಲ್ಲ, ಅದಕ್ಕೆ' ಅಂದ್ರು. ಬೆಟ್ಟದೋರನ್ನೂ ಹೋಗಿ ಕೇಳ್ದೆ. ಅವರೂ ಅದೇ ಮಾತು ಹೇಳಿದ್ರು."

ಗೌಡರು ತಮ್ಮ ಕೈಯ ಬೆರಳುಗಳನ್ನು ನೋಡಿಕೊಂಡರು. ಬದುಕೆಲ್ಲ ಎಳೆ ಹಿಡಿದ ಬೆರಳುಗಳು. "ಅದಕ್ಕೆ ಬಿಚ್ಚೆಳೆ ಎಲ್ಲಿರುತ್ತೋ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಎದ್ದರು. ಜನ ಒಬ್ಬೊಬ್ಬರಾಗಿ ಒಳಗೆ ಹೋದರು. ನಮ್ಮ ಬಟ್ಟೆ ಬಿಚ್ಚಿತ್ತು. ಇನ್ನು ರುದ್ರನನ್ನು ಯಾರೂ ಕರೆಯುವಂತಿರಲಿಲ್ಲ.

ಮರುದಿನ ಬೆಳಗಿನ ಕೆಲಸ ಮುಗಿಸಿ ನಾನೂ ಅತ್ತೆಯೂ ದಾರ ತೊಳೆಯಲು ಕೆರೆಗೆ ಹೋದೆವು. ಗಂಟು ಬಿಚ್ಚಿ ನೀರಿಗೆ ಬಿಟ್ಟಾಗ ಮೇಲೆ ಬಂದ ಮಣ್ಣು ನಮ್ಮ ಕಡೆಯ ಮಣ್ಣಿನ ಬಣ್ಣದ್ದಲ್ಲ. ನಾವು ಮಂಡಿಯವರೆಗೆ ನೀರಿನಲ್ಲಿ ನಿಂತು ಕುಕ್ಕಿ ಕುಕ್ಕಿ ತೊಳೆದೆವು. ಬಿಚ್ಚೆಳೆಯ ತುದಿ ನನ್ನ ಕೈಗೆ ಸಿಕ್ಕಿತು. ಒಂದು ಗೇಣಿನಷ್ಟು ಕಂದಾಗಿ ಗಟ್ಟಿಯಾಗಿತ್ತು. ಅಲ್ಲಿ ಬೆರಳುಗಳ ಅಚ್ಚು ಇತ್ತು. ನಾನು ಅದನ್ನು ಉಜ್ಜಿದೆ, ಬಣ್ಣ ಹೋಗಲಿಲ್ಲ. ಮತ್ತೆ ಉಜ್ಜಿದೆ.

"ಪರಮೇಶಿ ಹೇಳಿದ್ದು ಕೇಳ್ದೆಯಲ್ಲ ಕುಮುದಾ," ಎಂದರು ಅತ್ತೆ.

"ಕೇಳ್ದೆ."

"ನಿನಗೂ ಒಬ್ಬ ಸತ್ತಿದಾನೆ."

"ಹೌದು."

"ಯಾರಿಂದ ಅಂತಾನೂ ಗೊತ್ತು."

"ಗೊತ್ತು ಅತ್ತೆ."

ಅವರು ತೊಳೆಯುವುದನ್ನು ನಿಲ್ಲಿಸಿದರು. ನೀರು ನಿಂತು ನಮ್ಮ ಕಾಲುಗಳು ಕಾಣತೊಡಗಿದವು. ಅವರು ಕಾಯುತ್ತಿದ್ದರು. ಭೂಷಣ ಅವರ ಹೊಟ್ಟೆಯಲ್ಲಿ ಹುಟ್ಟಿದವನು ಎಂಬುದು ನನಗೆ ನೆನಪಿತ್ತು. ಗೋಡೆಗೆ ಕಿವಿಯಿಟ್ಟು ಕೂತಿದ್ದವರು ಅವರು ಎಂಬುದೂ ನೆನಪಿತ್ತು. ನಾನು ಏನು ಹೇಳಿದರೂ ಅವರು ಕೇಳಿಸಿಕೊಳ್ಳುತ್ತಿದ್ದರು. ಹೇಳದೆ ಇದ್ದುಬಿಡಬಹುದಾಗಿತ್ತು, ದಿನಾ ಬೆಳಿಗ್ಗೆ ಕೆರೆಯ ಕಡೆ ನೋಡಿಕೊಂಡು ಬಾಗಿಲಿಗೆ ನೀರು ಹಾಕಬಹುದಾಗಿತ್ತು. ಅದು ಕಷ್ಟದ ಕೆಲಸವಾಗಿರಲಿಲ್ಲ.

ಕಂದಾದ ತುದಿಯನ್ನು ಉಳಿದ ದಾರದ ಜೊತೆಗೆ ಸೇರಿಸಿದೆ.

"ನನಗೊಬ್ಬಳಿಗೆ ಹಿಂಡೋಕಾಗಲ್ಲ," ಎಂದೆ. "ಆ ಕಡೆ ಹಿಡ್ಕೊಳ್ಳಿ ಅತ್ತೆ."

ಅವರು ಹಿಡಿದರು. ಮುದಿ ಕೈಗಳು, ಆದರೂ ಬಿಗಿಯಿತ್ತು. ನಾವು ಹಿಂಡಿದೆವು. ಕೆಸರು ನೀರು ಸುರಿದು ಕೆರೆಯಲ್ಲಿ ಹರಡಿತು. ದಂಡೆಯ ಮೇಲಿನಿಂದ ರುದ್ರ, ಊಟಕ್ಕೆ ಇನ್ನೂ ಎಷ್ಟು ಹೊತ್ತು, ಎರಡು ಮನೆಯಲ್ಲೂ ಒಲೆ ಉರಿಯುತ್ತಿಲ್ಲ ಎಂದು ಕೂಗಿದ. ಬಂದೆವು ಎಂದು ನಾನು ಕೂಗಿದೆ. ಅಷ್ಟು ಜೋರಾಗಿ ಮಾತಾಡಿ ಬಹಳ ದಿನವಾಗಿತ್ತು. ಗಂಟಲು ಉರಿಯಿತು.